ವರ್ಷ ಮುಗಿಸಿದ ಮನೆಗಳು

ಕಂಪ್ಲಿಯ ಒಂದು ಮನೆಯಲ್ಲಿ ನಾನು ಕೇಳದೆ ಬಿಟ್ಟ ಹದಿನಾಲ್ಕು ಪ್ರಶ್ನೆಗಳ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಬಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಮತ್ತೆ ಹೋಗಿ ಕೇಳಿದ್ದು ಹದಿನಾರು ದಿನಗಳ ನಂತರ, ಬುಧವಾರ ಮಧ್ಯಾಹ್ನ. ನಡುವಿನ ದಿನಗಳಲ್ಲಿ ಆ ಮನೆಯ ಹೆಂಗಸಿಗೆ ಏನಾದರೂ ಆಗಿದ್ದರೆ ಅದಕ್ಕೆ ನನ್ನ ಫಾರ್ಮಿನಲ್ಲಿ ಕಾರಣ ಸಿಗುತ್ತಿರಲಿಲ್ಲ. ಫಾರ್ಮಿನ ಪ್ರಕಾರ ಆ ವರ್ಷ ಆಕೆಯ ಬದುಕಿನಲ್ಲಿ ಮೈದುನನ ಮದುವೆಯೊಂದನ್ನು ಬಿಟ್ಟು ಏನೂ ನಡೆದಿರಲಿಲ್ಲ.

ನಾನು ಮಾಡುತ್ತಿದ್ದುದು ಸಮೀಕ್ಷೆಯ ಕೆಲಸ. ಬದುಕಿನಲ್ಲಿ ನಡೆಯುವ ದೊಡ್ಡ ಘಟನೆಗಳು ಮನಸ್ಸಿನ ಆರೋಗ್ಯದ ಮೇಲೆ ಎಷ್ಟು ಭಾರ ಹಾಕುತ್ತವೆ ಎಂದು ಅಳೆಯುವ ಅಧ್ಯಯನ. ಹೊಸಪೇಟೆ, ಸಂಡೂರು, ಕಂಪ್ಲಿ ಮೂರು ಕಡೆ ಮನೆಗಳ ಪಟ್ಟಿ ಕೊಟ್ಟಿದ್ದರು. ಮನೆಯಲ್ಲಿ ವಯಸ್ಸಿಗೆ ಬಂದವರ ಹೆಸರುಗಳನ್ನೆಲ್ಲ ಟ್ಯಾಬಿಗೆ ಹಾಕಿದರೆ ಅದೇ ಒಬ್ಬರನ್ನು ಆರಿಸುತ್ತಿತ್ತು. ಅವರನ್ನಷ್ಟೇ ಕೇಳಬೇಕು. ಪ್ರಶ್ನೆಗಳು ಎರಡು ಭಾಗ. ಮೊದಲ ಭಾಗದಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ನಡೆದ ಘಟನೆಗಳು: ಸಾವು, ಕಾಯಿಲೆ, ಅಪಘಾತ, ಕೆಲಸ ಹೋದದ್ದು, ಮನೆ ಬದಲಿಸಿದ್ದು, ಮದುವೆ, ಹೆರಿಗೆ. ಪ್ರತಿಯೊಂದಕ್ಕೂ ಇಂತಿಷ್ಟು ಅಂಕ. ಗಂಡ ಅಥವಾ ಹೆಂಡತಿ ಸತ್ತರೆ ಎಲ್ಲಕ್ಕಿಂತ ಹೆಚ್ಚು. ಮನೆಯಲ್ಲಿ ಮದುವೆಯಾದರೂ ಸ್ವಲ್ಪ ಅಂಕವಿತ್ತು, ಸಂತೋಷವೂ ಮನಸ್ಸಿಗೆ ಒಂದು ಭಾರವೇ ಎಂದು ತರಬೇತಿಯಲ್ಲಿ ಹೇಳಿದ್ದರು. ಒಟ್ಟು ಅಂಕ ಒಂದು ಗೆರೆ ದಾಟಿದರೆ ಮಾತ್ರ ಎರಡನೇ ಭಾಗ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ನಿದ್ದೆ, ಊಟ, ಸುಸ್ತು, ಬದುಕುವ ಆಸೆ ಎಲ್ಲ ಸೇರಿ ಹದಿನಾಲ್ಕು ಪ್ರಶ್ನೆ. ಅಲ್ಲಿಯೂ ಅಂಕ ಹೆಚ್ಚು ಬಂದವರಿಗೆ ನಾವು ಒಂದು ಚೀಟಿ ಕೊಡಬೇಕು. ಚೀಟಿ ಇದ್ದವರನ್ನು ಊರಿಗೊಂದು ದಿನ ಬರುವ ವೈದ್ಯರ ತಂಡ ನೋಡುತ್ತಿತ್ತು. ಗೆರೆ ದಾಟದವರಿಗೆ ಟ್ಯಾಬು ‘ಧನ್ಯವಾದಗಳು’ ಎಂದು ತೋರಿಸಿ ಮುಚ್ಚಿಕೊಳ್ಳುತ್ತಿತ್ತು.

ಟ್ಯಾಬು ಕೇಳದ ಸಂಗತಿಗಳನ್ನು ನಾನು ಡೈರಿಯಲ್ಲಿ ಬರೆಯುತ್ತಿದ್ದೆ. ಎಷ್ಟು ಕೋಣೆ, ಗೋಡೆಯ ಮೇಲೆ ಏನಿದೆ, ಚಹಾ ಕೊಟ್ಟರೋ ಮಜ್ಜಿಗೆಯೋ, ಎಷ್ಟು ನಿಮಿಷ ಕೂತೆ. ಇದು ಅಪ್ಪನಿಂದ ಬಂದ ಅಭ್ಯಾಸ. ಅವನು ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನೀರಿನ ಮಟ್ಟ ಬರೆಯುವ ಕೆಲಸದಲ್ಲಿದ್ದ. ಮನೆಯಲ್ಲಿಯೂ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ನಲ್ಲಿ ನೀರು ಬಂದ ಹೊತ್ತು ಎಲ್ಲವನ್ನೂ ಕ್ಯಾಲೆಂಡರಿನ ಚೌಕದೊಳಗೆ ಬರೆಯುತ್ತಿದ್ದ.

ಕಂಪ್ಲಿಯ ಮನೆ ನನ್ನ ನೂರಾ ತೊಂಬತ್ತನಾಲ್ಕನೆಯ ಫಾರ್ಮು. ಪಕ್ಕದಲ್ಲೇ ಅವರದೇ ಸಣ್ಣ ಅಕ್ಕಿ ಗಿರಣಿ. ಅಂಗಳದಲ್ಲೆಲ್ಲ ತೌಡಿನ ಪುಡಿ. ಬಾಗಿಲಿಗೆ ಕಟ್ಟಿದ್ದ ಮದುವೆಯ ತೋರಣ ಒಣಗಿ ಸುರುಟಿಕೊಂಡಿತ್ತು. ಮನೆಯಲ್ಲಿ ನಾಲ್ವರು: ಅರವತ್ತರ ಹತ್ತಿರದ ಅತ್ತೆ, ಇಬ್ಬರು ಸೊಸೆಯರು, ಗಿರಣಿ ನೋಡಿಕೊಳ್ಳುವ ಮಗ. ಟ್ಯಾಬು ಹಿರಿಯ ಸೊಸೆಯನ್ನು ಆರಿಸಿತು. ಮೂವತ್ತು ದಾಟಿರದ ಹೆಂಗಸು. ಕೊರಳಲ್ಲಿ ತಾಳಿ ಇರಲಿಲ್ಲ. ಅಕ್ಕಿ ತೊಳೆಯುತ್ತಿದ್ದವಳು ಪಾತ್ರೆಯನ್ನು ಹಾಗೇ ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅತ್ತೆ ಎದುರಿಗೆ ಕಂಬಕ್ಕೆ ಒರಗಿ ಕೂತರು.

“ಹೋದ ಹನ್ನೆರಡು ತಿಂಗಳಾಗ ನಿಮ್ಮ ಮನ್ಯಾಗ ಯಾರಾದ್ರೂ ತೀರಿಕೊಂಡಾರನ್ರಿ?” ಎಂದು ಕೇಳಿದೆ.

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಹೇಳಿದರು: “ಅಂಥಾದ್ದೇನಿಲ್ಲ ಬಿಡವ್ವ. ಸಣ್ಣ ಮಗನ ಮದಿವಿ ಆತು. ಅದನ್ನ ಬರಕೋ.”

“ಅವರಽ ಹೇಳಬೇಕ್ರಿ ಅವ್ವಾರ.”

“ಹೇಳ ಮತ್ತ,” ಎಂದರು ಸೊಸೆಗೆ. “ಏನರ ಆಗೇತೇನು?”

“ಇಲ್ರಿ,” ಎಂದಳು ಸೊಸೆ.

ನಾನು ‘ಇಲ್ಲ’ ಒತ್ತಿದೆ. ವಿಧವೆ ಎಂದು ಮೊದಲೇ ಬರೆದುಕೊಂಡಿದ್ದೆ. ಗಂಡ ಸತ್ತು ಒಂದು ವರ್ಷದ ಮೇಲಾಗಿದೆ ಎಂದು ನಾನೇ ಅಂದುಕೊಂಡೆ. ಉಳಿದದ್ದಕ್ಕೆಲ್ಲ ‘ಇಲ್ಲ’, ಮದುವೆಗೆ ಒಂದೇ ‘ಹೌದು’. ಗೆರೆಯ ಹತ್ತಿರಕ್ಕೂ ಬರಲಿಲ್ಲ. ‘ಧನ್ಯವಾದಗಳು’. ಮಜ್ಜಿಗೆ ಕುಡಿದು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡೆ. ಹೊರಡುವಾಗ ಆಕೆ ಬಾಗಿಲವರೆಗೆ ಬಂದಳು, ಅಕ್ಕಿ ಪಾತ್ರೆ ಕೈಯಲ್ಲೇ ಇತ್ತು.

“ಇಷ್ಟಽ ಏನ್ರಿ ಕೇಳೂದು?” ಎಂದಳು.

“ಇಷ್ಟಽ ರೀ,” ಎಂದೆ. ಎಂಟು ನಿಮಿಷ ಆಗಿತ್ತು.

ಹದಿನಾಲ್ಕು ದಿನ ಇದು ನನ್ನ ತಲೆಯಲ್ಲಿ ಇರಲಿಲ್ಲ. ನನಗೆ ಆಗ ಯಾವುದೂ ತಲೆಯಲ್ಲಿ ಉಳಿಯುತ್ತಿರಲಿಲ್ಲ, ಅದಕ್ಕೇ ಬರೆದಿಡುತ್ತಿದ್ದೆ. ದಿನಕ್ಕೆ ನಾಲ್ಕು ಮನೆ, ಕೆಲವು ದಿನ ಐದು. ಬಸ್ಸು, ಊಟದ ಡಬ್ಬಿ, ಸಂಜೆ ಟ್ಯಾಬಿಗೆ ಚಾರ್ಜು. ಗಂಡ ಬಿಟ್ಟವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಮುಗಿದು ಮನೆಯಲ್ಲಿ ಕೂತವರು, ಮಗು ಉಳಿಯದವರು ನನ್ನ ಎದುರು ಕೂತು ಹೇಳುತ್ತಿದ್ದರು. ಕೆಲವರು ಅಳುತ್ತಿದ್ದರು. ನಾನು ತರಬೇತಿಯಲ್ಲಿ ಕಲಿಸಿದಂತೆ ನೀರು ತರಿಸಿ, ಎರಡು ನಿಮಿಷ ಬಿಟ್ಟು, ಮುಂದಿನ ಪ್ರಶ್ನೆ ಕೇಳುತ್ತಿದ್ದೆ. ನನ್ನ ಫಾರ್ಮುಗಳು ಅಚ್ಚುಕಟ್ಟಾಗಿವೆ ಎಂದು ಮೇಲ್ವಿಚಾರಕಿ ಮೇಡಂ ಎರಡು ಸಲ ಹೇಳಿದ್ದರು.

ಹದಿನಾಲ್ಕನೆಯ ದಿನ, ಮತ್ತೊಂದು ಸೋಮವಾರ, ಸಂಡೂರಿನಲ್ಲಿದ್ದೆ. ಅದಿರಿನ ಲಾರಿ ಓಡಿಸಿ ಈಗ ಬಿಟ್ಟಿರುವ ಒಬ್ಬ ಮುದುಕರ ಮನೆ. ಮಾತಿನ ಮನುಷ್ಯ. ನನ್ನ ಚಪ್ಪಲಿಗೆ ಮೆತ್ತಿದ ಕೆಂಪು ಮಣ್ಣು ನೋಡಿ, “ಗುಡ್ಡದಾಗಿನ ಮಣ್ಣೆಲ್ಲಾ ಹೊರಗ ಹೋಗೈತಿ, ಉಳದದ್ದು ನಿನ್ನ ಚಪ್ಲಿಗೆ ಹತ್ತೇತಿ ನೋಡು. ಹೋಗೂ ಮುಂದ ಜಾಡಿಸಿ ಹೋಗು,” ಎಂದು ನಕ್ಕರು. ಸಾವಿನ ಪ್ರಶ್ನೆಗೆ ಅವರೂ ‘ಇಲ್ಲ’ ಎಂದರು, ಮಗಳ ಮದುವೆಯನ್ನು ಬರೆಸಿದರು. ಟ್ಯಾಬು ಧನ್ಯವಾದ ಹೇಳಿತು. ಡೈರಿ ತೆಗೆದು ಗೋಡೆಯ ವಿವರ ಬರೆಯುವಾಗ ಒಂದು ಫೋಟೊ ಕಂಡಿತು. ಹೆಂಗಸು, ಗಂಧದ ಹಾರ. ಚೌಕಟ್ಟಿನ ಕೆಳಗೆ, ಫೋಟೊ ಅಂಗಡಿಯವರು ಹಾಕುವಂತೆ, ಜನನ ಮತ್ತು ಮರಣದ ದಿನಾಂಕಗಳನ್ನು ಬಿಳಿ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಎರಡನೇ ದಿನಾಂಕವನ್ನು ಬರೆದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಆರು ತಿಂಗಳು ಹನ್ನೊಂದು ದಿನ.

“ಇವರು ಯಾರ್ರಿ ಅಜ್ಜಾರ?”

“ನಮ್ಮಾಕಿ.”

“ನೀವು ಯಾರೂ ತೀರಿಕೊಂಡಿಲ್ಲ ಅಂದ್ರಿ.”

“ಅದು ಮುಗದೈತಿ ತಂಗಿ. ಮಗಳ ಮದಿವಿ ಗೊತ್ತಾಗಿತ್ತು. ಮೂರನೇ ತಿಂಗಳಿಗೇ ವರ್ಷದ ಕಾರ್ಯ ಮಾಡಿ ಮುಗಿಸಿದ್ವಿ. ಮುಗಿಸಿದ್ದನ್ನ ಮತ್ತ ಎಣಿಸಬಾರದು. ಮದಿವಿ ಆದ ಹುಡುಗಿ ಬಾಳ್ವಿಗೆ ಚೊಲೋ ಅಲ್ಲ.” ಆಮೇಲೆ ಕೇಳಿದರು: “ನೀ ಯಾವೂರಾಕಿ?”

“ಹೊಸಪ್ಯಾಟಿ.”

“ಮತ್ತ ನಿನಗ ಗೊತ್ತಿಲ್ಲನು?”

ಗೊತ್ತಿತ್ತು. ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷದವರೆಗೆ ಶುಭಕಾರ್ಯ ಮಾಡುವುದಿಲ್ಲ. ಆದರೆ ಮದುವೆ ಮೊದಲೇ ಗೊತ್ತಾಗಿದ್ದರೆ, ಹೆಣ್ಣಿನವರು ಅವಸರ ಮಾಡಿದರೆ, ಹಿರಿಯರು ಸೇರಿ ವರ್ಷದ ಕಾರ್ಯವನ್ನು ಮೂರಕ್ಕೋ ಐದಕ್ಕೋ ಎಳೆದುಕೊಳ್ಳುತ್ತಾರೆ. ಊಟ ಹಾಕಿ, ಫೋಟೊವನ್ನು ಗೋಡೆಗೆ ಏರಿಸಿದರೆ ಆ ಮನೆಯ ಮಟ್ಟಿಗೆ ಆ ಸಾವು ಆ ವರ್ಷದ್ದಲ್ಲ. ಅಂದಿನಿಂದ ಹೂವು ಮುಡಿಯಬಹುದು, ಹೋಳಿಗೆ ಮಾಡಬಹುದು, ಹಾಡಬಹುದು. ಆ ಮಾತನ್ನು ಮಾತ್ರ ಎತ್ತಬಾರದು. ನನಗೆ ‘ಇಲ್ಲ’ ಎಂದ ಯಾರೂ ಸುಳ್ಳು ಹೇಳಿರಲಿಲ್ಲ.

ನಮ್ಮ ಮನೆಯಲ್ಲಿಯೂ ಹಾಗೇ ಆಗಿತ್ತು. ಅಪ್ಪ ಒಂದು ಬೆಳಿಗ್ಗೆ ಆರೂವರೆಗೆ ಬಚ್ಚಲಿನಲ್ಲಿ ಬಿದ್ದ. ಡ್ಯಾಮಿನ ಕ್ವಾರ್ಟರ್ಸಿನಿಂದ ಆಟೊದಲ್ಲಿ ಆಸ್ಪತ್ರೆಗೆ ಹೋಗುವುದರೊಳಗೆ ಮುಗಿದಿತ್ತು. ಅಣ್ಣನ ಮದುವೆ ಅದಕ್ಕೆ ಇಪ್ಪತ್ತು ದಿನ ಮೊದಲು ನಿಶ್ಚಯವಾಗಿತ್ತು. ಐದನೇ ತಿಂಗಳಲ್ಲಿ ವರ್ಷದ ಕಾರ್ಯ, ಅದಾಗಿ ಒಂದು ತಿಂಗಳಿಗೆ ಮದುವೆ. ಅಪ್ಪ ಹೋದ ದಿನದಿಂದ ಡೈರಿಯ ಪುಟದ ಮೂಲೆಯಲ್ಲಿ ನಾನು ದಿನಗಳ ಸಂಖ್ಯೆ ಬರೆಯುತ್ತಿದ್ದೆ. ಕಾರ್ಯದ ದಿನ ನೂರಾ ಮೂವತ್ತೊಂದು. ದೊಡ್ಡಪ್ಪ, “ಇವತ್ತಿಗೆ ಮುಗೀತು, ಇನ್ನ ಯಾರೂ ಮುಖ ಸಣ್ಣ ಮಾಡಬ್ಯಾಡ್ರಿ,” ಎಂದರು. ಮರುದಿನ ನಾನು ಸಂಖ್ಯೆ ಬರೆಯಲಿಲ್ಲ. ಅಮ್ಮ ಮದುವೆಯಲ್ಲಿ ಬಂದವರನ್ನೆಲ್ಲ ಊಟಕ್ಕೆ ಕೂರಿಸಿದಳು, ಯಾರ ಎಲೆಗೆ ಏನು ಬೀಳಲಿಲ್ಲ ಎಂದು ನೋಡಿಕೊಂಡಳು. ಫೋಟೊದಲ್ಲಿ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದಾಳೆ.

ಅಣ್ಣನ ಮದುವೆಯಾಗಿ ಹತ್ತು ದಿನಕ್ಕೆ ನನಗೆ ಈ ಕೆಲಸ ಸಿಕ್ಕಿತು. ತರಬೇತಿಯ ಮೊದಲ ದಿನ ಅಭ್ಯಾಸಕ್ಕೆ ನಮ್ಮ ನಮ್ಮ ಫಾರ್ಮುಗಳನ್ನೇ ತುಂಬಿಸಿದ್ದರು. ತಂದೆ ಅಥವಾ ತಾಯಿಯ ಸಾವು, ಕಳೆದ ಹನ್ನೆರಡು ತಿಂಗಳಲ್ಲಿ. ನಾನು ‘ಇಲ್ಲ’ ಒತ್ತಿದೆ. ಕೈ ತಡೆಯಲಿಲ್ಲ. ನನ್ನ ಟ್ಯಾಬು ಎಲ್ಲರಿಗಿಂತ ಮೊದಲು ಮುಚ್ಚಿಕೊಂಡಿತು. ಪಕ್ಕದ ಹುಡುಗಿ, “ಏನ್ ನಸೀಬವ್ವ ನಿಂದು, ಒಂದೂ ತ್ರಾಸಿಲ್ಲ,” ಎಂದಳು.

ಸಂಡೂರಿನ ಅಜ್ಜ ಫಾರ್ಮು ತಿದ್ದಲು ಒಪ್ಪಲಿಲ್ಲ. ಐದು ಗಂಟೆಯ ಬಸ್ಸಿಗೆ ಹೊಸಪೇಟೆಗೆ ಬಂದು, ಅಮ್ಮ ಚಪಾತಿ ಲಟ್ಟಿಸುವಾಗ ಅಡುಗೆ ಮನೆಯ ನೆಲದ ಮೇಲೆ ಡೈರಿಗಳನ್ನು ಹರವಿಕೊಂಡು ಕೂತೆ. ಮದುವೆಗೆ ‘ಹೌದು’, ಸಾವಿಗೆ ‘ಇಲ್ಲ’ ಎಂದಿದ್ದ ಮನೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಅವುಗಳಲ್ಲಿ ಗೋಡೆಗೆ ಹಾರದ ಫೋಟೊ ಇದ್ದವಕ್ಕೆ ಚುಕ್ಕೆ ಹಾಕಿದೆ. ಹನ್ನೆರಡು ಚುಕ್ಕೆ. ಒಂಬತ್ತನೆಯದು ಕಂಪ್ಲಿಯ ಮನೆ. ಅವತ್ತು ಬರೆದದ್ದು ಹೀಗಿತ್ತು: ‘ಫೋಟೊ ಒಂದು, ಗಂಡಸು, ಮೂವತ್ತೈದರ ಆಸುಪಾಸು, ಚೌಕಟ್ಟು ಹೊಸದು. ಮಜ್ಜಿಗೆ. ಹಿತ್ತಲಲ್ಲಿ ಬಾವಿ, ಮೇಲೆ ಹೊಸ ಕಬ್ಬಿಣದ ಜಾಲರಿ, ಬೀಗ. ನೀರು ನಲ್ಲಿಯದು. ಎಂಟು ನಿಮಿಷ.’

ಬೀಗದ ಮಾತನ್ನು ಎರಡು ಸಲ ಓದಿದೆ. ಮನೆಯಲ್ಲಿ ಮಕ್ಕಳಿಲ್ಲ. ಇರುವವರು ನಾಲ್ವರೂ ದೊಡ್ಡವರು. ಬಾವಿಗೆ ಜಾಲರಿ ಹಾಕಿಸುವುದು ಸರಿ, ಅದಕ್ಕೆ ಬೀಗ ಯಾಕೆ ಎಂದು ನಾನು ಅವತ್ತು ಕೇಳಿಕೊಂಡಿರಲಿಲ್ಲ. ಬರೆದುಕೊಂಡು ಬಂದಿದ್ದೆ ಅಷ್ಟೆ. ವೈದ್ಯರ ತಂಡ ಗುರುವಾರ ಕಂಪ್ಲಿಗೆ ಬರುವುದಿತ್ತು, ಆಮೇಲೆ ಮತ್ತೆ ಬರುವುದು ಮೂರು ತಿಂಗಳಿಗೆ.

“ಏನ ಹುಡುಕಾಕತ್ತಿ?” ಎಂದಳು ಅಮ್ಮ.

“ಒಂದು ಮನಿ ಬಿಟ್ಟೀನಿ.”

“ಬಿಟ್ರ ನಾಳೆ ಹೋಗು. ಹಿಟ್ಟಿನ ಮ್ಯಾಲ ಪುಸ್ತಕ ಇಡಬ್ಯಾಡ.”

ಮಂಗಳವಾರ ಬೆಳಿಗ್ಗೆ ಮೇಡಂ ಹತ್ತಿರ ಹೋದೆ. ಅವರು ಮೈಸೂರು ಕಡೆಯವರು, ಹೊಸಪೇಟೆಯಲ್ಲಿ ಒಂದು ಕೋಣೆಯ ಆಫೀಸು ಮಾಡಿಕೊಂಡಿದ್ದರು. ಹಾಳೆ ತೋರಿಸಿ ಎಲ್ಲವನ್ನೂ ಕ್ರಮವಾಗಿ ಹೇಳಿದೆ.

“ಅವರು ಕೊಟ್ಟ ಉತ್ತರವನ್ನು ನಾವಾಗಿ ತಿದ್ದೋ ಹಾಗಿಲ್ಲ,” ಎಂದರು. “ಮರುಭೇಟಿ ಮಾಡಬಹುದು. ಆ ವ್ಯಕ್ತಿ ತಾನಾಗಿ ಬೇರೆ ಉತ್ತರ ಕೊಟ್ಟರೆ ಹೊಸ ಫಾರ್ಮು ತೆರೆಯಬಹುದು. ಮನೆಯವರು ಒಪ್ಪಬೇಕು.”

“ಕೇಳ್ತೀನಿ ಮೇಡಂ.”

ಅವರು ಹಾಳೆಯನ್ನು ಮತ್ತೆ ನೋಡಿದರು. “ಈ ರೂಢಿ ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ತರಬೇತಿಯಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ. ಪ್ರಶ್ನೆಯನ್ನೇ ಬೇರೆ ಥರ ಕೇಳ್ತಿದ್ವಿ.”

“ನಾನೂ ಇಲ್ಲ ಅಂತಾನೇ ಒತ್ತಿದ್ದೆ ಮೇಡಂ.”

ಅವರು ಏನು, ಯಾರು ಎಂದು ಕೇಳಲಿಲ್ಲ. ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಎರಡು ನಿಮಿಷ ಬಿಟ್ಟು, “ನಾಳೆ ಕಂಪ್ಲಿಯಿಂದಲೇ ಶುರು ಮಾಡಿ,” ಎಂದರು. ನನಗೆ ಬಾಯಾರಿಕೆ ಇರಲಿಲ್ಲ. ಆದರೂ ಕುಡಿದೆ.

ಬುಧವಾರದ ಬಸ್ಸಿನಲ್ಲಿ ಹಂಪಿಗೆ ಹೋಗುವವರು ತುಂಬಿದ್ದರು. ಕಮಲಾಪುರದಲ್ಲಿ ಅವರೆಲ್ಲ ಇಳಿದ ಮೇಲೆ ಸೀಟು ಸಿಕ್ಕಿತು. ಬಾಳೆತೋಟ, ಕಬ್ಬು, ಗದ್ದೆ. ಒಂದು ಗಂಟೆಗೆ ಕಂಪ್ಲಿ. ಬಾಗಿಲು ತೆಗೆದವಳು ಹೊಸ ಸೊಸೆ, ಕೈತುಂಬ ಹಸಿರು ಬಳೆ. ಒಳಗಿನಿಂದ ಅತ್ತೆ ಬಂದರು. ನನ್ನನ್ನು ಗುರುತು ಹಿಡಿದರು.

“ಮತ್ತ ಯಾಕ ಬಂದಿ? ಮಜ್ಜಿಗಿ ಚೊಲೋ ಇತ್ತನು?”

ನಾನು ಗೋಡೆಯ ಕಡೆ ನೋಡಿದೆ. ಫೋಟೊ ಕೆಳಗಿನ ದಿನಾಂಕ ಅಲ್ಲಿಂದಲೇ ಕಾಣುತ್ತಿತ್ತು. ಏಳು ತಿಂಗಳು ನಾಲ್ಕು ದಿನ.

“ಅವ್ವಾರ, ಅವರ ವಿಷಯ ಬರಕೊಳ್ಳೂದು ಬಿಟ್ಟಿದ್ದೆ,” ಎಂದೆ.

ಅವರು ಹೊಸ ಸೊಸೆಯನ್ನು ಒಳಗೆ ಕಳಿಸಿದರು. ಆಮೇಲೆ ದನಿ ತಗ್ಗಿಸಿದರು. “ಅದು ಮುಗಿಸಿದ್ದು. ಮೂರು ತಿಂಗಳಿಗೆ ಮಾಡಿ ಮುಗಿಸೀವಿ. ಹೊಸ ಹುಡುಗಿ ಕಾಲಿಟ್ಟ ಮನ್ಯಾಗ ಆ ಮಾತು ತಗೀಬ್ಯಾಡ.”

“ಡಾಕ್ಟ್ರು ನಾಳೆ ಬರ್ತಾರ್ರಿ. ನಾ ಇದನ್ನ ಕೇಳಲಿಲ್ಲಂದ್ರ ನಿಮ್ಮ ಸೊಸಿಗೆ ಚೀಟಿ ಸಿಗಂಗಿಲ್ಲ.”

“ಅಕಿಗೆ ಏನಾಗೇತಿ? ಅಡಿಗಿ ಮಾಡ್ತಾಳ, ಭಾಂಡಿ ತಿಕ್ಕತಾಳ.”

“ಬಾವಿಗೆ ಬೀಗ ಹಾಕೀರಲ್ರಿ.”

ಅವರು ಕಂಬಕ್ಕೆ ಕೈ ಹಚ್ಚಿ ನಿಂತರು. ಪಕ್ಕದ ಗಿರಣಿ ನಿಂತು ಮತ್ತೆ ಶುರುವಾಯಿತು. ಕೊನೆಗೆ ಹೇಳಿದರು: “ಹೊಸ್ತಿಲ ಒಳಗ ಬ್ಯಾಡ. ಗಿರಣಿ ಕಟ್ಟಿ ಮ್ಯಾಲ ಕುಂದ್ರಿ. ಅಲ್ಲಿ ಏನ್ ಬೇಕಾದ್ದು ಕೇಳು.”

ಗಿರಣಿಯ ಸದ್ದಿನಲ್ಲಿ ಜೋರಾಗಿ ಮಾತಾಡಬೇಕಾಯಿತು. ಹೊಸ ಫಾರ್ಮು ತೆರೆದೆ. ಸಾವಿನ ಪ್ರಶ್ನೆಯನ್ನು ಈ ಸಲ ನನ್ನ ರೀತಿಯಲ್ಲಿ ಕೇಳಿದೆ: ವರ್ಷದ ಕಾರ್ಯ ಮುಗಿದಿರಲಿ ಬಿಡಲಿ, ಕ್ಯಾಲೆಂಡರಿನ ಲೆಕ್ಕ ಹೇಳಿ. ಆಕೆ ದಿನಾಂಕ, ವಾರ, ಹೊತ್ತು ಎಲ್ಲ ಹೇಳಿದಳು. ಗಂಗಾವತಿ ರಸ್ತೆ, ಬೈಕು, ಸಂಜೆ ನಾಲ್ಕೂ ಕಾಲು. ಟ್ಯಾಬಿನ ಗೆರೆ ಆ ಒಂದೇ ಉತ್ತರಕ್ಕೆ ದಾಟಿಹೋಯಿತು. ಎರಡನೇ ಭಾಗ ತೆರೆಯಿತು.

ನಿದ್ದೆ ಎಷ್ಟು ತಾಸು?

“ಮದಿವಿಗೆ ಬಂದ ಬೀಗರು ಹೋದಮ್ಯಾಲ ಒಂದು ದಿನ ಮಸ್ತ್ ನಿದ್ದಿ ಬಂದಿತ್ರಿ. ಅವತ್ತಿನಿಂದ ಇಲ್ಲ.”

ಊಟ ರುಚಿಸುತ್ತದೆಯೇ?

“ಉಪ್ಪು ಹಾಕೀನೋ ಇಲ್ಲೋ ಗೊತ್ತಾಗಂಗಿಲ್ರಿ. ಎರಡು ಸಲ ಹಾಕಿರತೀನಿ. ಮೈದುನ ಅಂತಾನ, ವೈನಿ, ಸಮುದ್ರ ಕುಡಸಾಕತ್ತಿ ಅಂತ.” ಅದನ್ನು ಹೇಳುವಾಗ ಆಕೆ ನಕ್ಕಳು. ನಾನೂ ನಗಬೇಕಿತ್ತೇನೋ.

ಒಂಬತ್ತನೆಯದು ಬದುಕುವ ಆಸೆಯ ಪ್ರಶ್ನೆ. ಅದನ್ನು ಓದಿದ ಹಾಗೇ ಓದಬೇಕು, ಮೆತ್ತಗೆ ಮಾಡಬಾರದು ಎಂದು ಕಲಿಸಿದ್ದರು. ಹಾಗೇ ಓದಿದೆ.

“ಕೀಲಿ ಅತ್ತಿ ಸೊಂಟದಾಗ ಐತ್ರಿ,” ಎಂದಳು. “ದಿನಾ ನೋಡ್ತೀನಿ, ಐತೋ ಇಲ್ಲೋ ಅಂತ.”

“ಇದ್ರ ಏನ ಅನಸತೈತಿ?”

“ಒಂದಿನ ಸಮಾಧಾನ ಆಗತೈತಿ. ಒಂದಿನ ಸಿಟ್ಟು ಬರತೈತಿ.”

ಟ್ಯಾಬಿನಲ್ಲಿ ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಕೊನೆಯದನ್ನು, ‘ದಿನವೂ’ ಎಂಬುದನ್ನು, ಒತ್ತಿದೆ. ಟ್ಯಾಬಿನ ಮೇಲ್ಭಾಗ ಕೆಂಪಾಯಿತು. ಹಾಗಾದರೆ ಪ್ರಶ್ನೆಗಳು ಮುಗಿದ ಕೂಡಲೇ ಮೇಡಂಗೆ ಫೋನು ಮಾಡಬೇಕು, ಆ ವ್ಯಕ್ತಿಯನ್ನು ಒಬ್ಬರೇ ಬಿಡಬಾರದು, ಮನೆಯವರಿಗೆ ತಿಳಿಸಬೇಕು. ಉಳಿದ ಐದು ಪ್ರಶ್ನೆ ಮುಗಿಸಿ ಅಲ್ಲೇ ಕೂತು ಫೋನು ಮಾಡಿದೆ. ನಾಳೆ ಮೊದಲನೆಯ ಹೆಸರು ಆಕೆಯದೇ ಇರುತ್ತದೆ ಎಂದರು ಮೇಡಂ.

ಚೀಟಿ ಬರೆಯುವಾಗ ಆಕೆ ಕೇಳಿದಳು: “ನಿಮ್ಮ ಮನ್ಯಾಗ ಯಾರು ಹೋಗ್ಯಾರ್ರಿ?”

“ಯಾಕ್ರಿ?”

“ಹಂಗಽ ಕೇಳಿದೆ. ನೀವು ಪ್ರಶ್ನಿ ಕೇಳೂದು ಪಾಠ ಒಪ್ಪಿಸಿದಂಗ ಐತಿ.”

“ಅಪ್ಪ,” ಎಂದೆ. ಕಾರ್ಯ ಮುಗಿದ ಮೇಲೆ ಆ ಮಾತನ್ನು ಹೊರಗೆ ಆಡಿದ್ದು ಅದೇ ಮೊದಲು.

“ಎಷ್ಟು ದಿನ ಆತು?”

“ಲೆಕ್ಕ ಬಿಟ್ಟೀನ್ರಿ.”

“ಬಿಡಾಕ ಬರತೈತನ್ರಿ ಅದು?” ಎಂದು ಆಕೆ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

ಅತ್ತೆಗೆ ಬಾಗಿಲಲ್ಲೇ ನಿಂತು ಹೇಳಿದೆ. ಒಬ್ಬಳನ್ನೇ ಬಿಡಬೇಡಿ, ನಾಳೆ ಒಂಬತ್ತಕ್ಕೆ ಕರೆದುಕೊಂಡು ಬನ್ನಿ, ಹೀಗೆ ಹೀಗೆ ಹೇಳಿದ್ದಾರೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ.

“ನನಗ ಹೇಳಾಕ ಬಂದಿಯೇನು,” ಎಂದರು. “ಬೀಗ ಹಾಕಿದಾಕಿ ಯಾರು? ಆರು ವಾರ ಆತು, ಅಕಿ ಮಗ್ಗಲದಾಗಽ ಮಲಗತೀನಿ.” ಸೊಂಟದ ಕೀಲಿ ಮುಟ್ಟಿಕೊಂಡು, “ಬೀಗ ಹಾಕೂದು ಒಂದಽ ನನಗ ತಿಳಿದದ್ದು,” ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಡೈರಿ ತೆಗೆದು ಎಣಿಸಿದೆ. ತಿಂಗಳುಗಳ ಮೂವತ್ತು, ಮೂವತ್ತೊಂದು ನೋಡಿಕೊಂಡು ಎರಡು ಸಲ. ಇನ್ನೂರ ಅರವತ್ತಮೂರು. ಪುಟದ ಮೂಲೆಯಲ್ಲಿ ಬರೆದೆ. ಅಳು ಬರಬಹುದು ಎಂದು ಕಿಟಕಿಯ ಕಡೆ ತಿರುಗಿ ಕೂತೆ. ಬರಲಿಲ್ಲ. ಮನೆಗೆ ಬಂದು ಅಮ್ಮನಿಗೆ ನಾಳೆಯೂ ಕಂಪ್ಲಿಗೆ ಹೋಗಬೇಕು ಎಂದೆ. ಆ ಮನೆಯಲ್ಲಿ ಯಾರು ಹೋಗಿದ್ದು ಎಂದು ಕೇಳಿದಳು. ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸದೆ, ಅತ್ತಿಗೆಗೆ ಕೇಳದ ಹಾಗೆ, “ಇನ್ನ ಹತ್ತು ದಿನ ಹೋದ್ರ ನಿಮ್ಮಪ್ಪಗ ಒಂಬತ್ತು ತಿಂಗಳು,” ಎಂದಳು. ನಾನು ಹೂಂ ಎಂದೆ. ಅವಳ ಪಕ್ಕದಲ್ಲಿ ಕೂತು ದಂಟು ಮುರಿದೆ.

ಗುರುವಾರ ಎಂಟೂವರೆಗೆ ಕಂಪ್ಲಿಯಲ್ಲಿದ್ದೆ. ಒಂದು ಸಮುದಾಯ ಭವನದಲ್ಲಿ ಮೂರು ಮೇಜು ಹಾಕಿದ್ದರು, ಒಂದು ಕಡೆ ಪರದೆ. ಒಂಬತ್ತಾಯಿತು, ಒಂಬತ್ತೂ ಇಪ್ಪತ್ತಾಯಿತು. ಮೊದಲ ಹೆಸರು ಎರಡು ಸಲ ಕರೆದು ಮುಂದಕ್ಕೆ ಹೋದರು. ನಾನು ಗೇಟಿನಲ್ಲಿ ನಿಂತೆ. ಆ ಹೊತ್ತಿನಲ್ಲಿ ಬಂದ ಆಟೊಗಳನ್ನು ಎಣಿಸಿದೆ. ಏಳು. ಎಂಟನೆಯದರಿಂದ ಮೊದಲು ಅತ್ತೆ ಇಳಿದರು, ಆಮೇಲೆ ಕೈ ಕೊಟ್ಟು ಸೊಸೆಯನ್ನು ಇಳಿಸಿದರು.

“ಹೊಸ ಹುಡುಗಿ ಮಂಡಕ್ಕಿ ಒಗ್ಗರಣಿ ಮಾಡೇನಿ, ತಿಂದ ಹೋಗ್ರಿ ಅಂತ ಕುಂದ್ರಿಸಿಬಿಟ್ಲು. ಮಿರ್ಚಿ ಕರದಿದ್ಲು,” ಎಂದರು ಅತ್ತೆ. “ನಮ್ಮ ಸಮುದ್ರದಕಿಂತ ಚೊಲೋ ಇತ್ತು.”

ಸೊಸೆ ಪರದೆಯ ಒಳಗೆ ಹೋದಳು. ಅತ್ತೆ ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ಒಳಗಿನಿಂದ ವೈದ್ಯರ ದನಿ ಕೇಳುತ್ತಿತ್ತು, ಆಕೆಯ ದನಿ ಕೇಳುತ್ತಿರಲಿಲ್ಲ.

“ಅಕಿನ್ನ ಕೇಳಿದಿ,” ಎಂದರು. “ನನ್ನ ಯಾಕ ಕೇಳಲಿಲ್ಲ?”

“ಮನಿಗೆ ಒಬ್ಬರಽ ರೀ ಅವ್ವಾರ. ಅದಽ ಆರಿಸತೈತಿ.”

“ಅದಕ್ಕೇನ್ ಗೊತ್ತು? ಅಕಿಗೆ ಆರು ವರ್ಷ ಗಂಡ. ನನಗ ಮೂವತ್ತಾರು ವರ್ಷ ಮಗ.” ಅವರು ನನ್ನ ಟ್ಯಾಬನ್ನು ನೋಡಿದರು. “ಮೂರು ತಿಂಗಳಿಗೆ ಮುಗಿಸೂಣು ಅಂದಾಕಿ ನಾನಽ. ಸಣ್ಣ ಮಗನ ಮದಿವಿ ಮುರಿದ್ರ ಅವನೂ ಕೈಬಿಟ್ಟು ಹೋಗತಾನಂತ. ಕೇಳು.”

ಟ್ಯಾಬಿನಲ್ಲಿ ಆ ಮನೆಗೆ ಇನ್ನೊಬ್ಬರನ್ನು ಸೇರಿಸಲು ಜಾಗವಿರಲಿಲ್ಲ. ಒತ್ತಿ ನೋಡಿದೆ, ತೆಗೆದುಕೊಳ್ಳಲಿಲ್ಲ. ಡೈರಿಯ ಹೊಸ ಪುಟ ತೆಗೆದು ಒಂದರಿಂದ ಹದಿನಾಲ್ಕರವರೆಗೆ ಅಂಕಿ ಹಾಕಿದೆ. ಪ್ರಶ್ನೆಗಳು ಬಾಯಿಪಾಠವಾಗಿದ್ದವು. ಮೇಜಿನ ಹಿಂದೆ ಕೂತಿದ್ದ ನರ್ಸಿಗೆ ಹೇಳಿ ಪಟ್ಟಿಯ ಕೊನೆಯ ಹೆಸರಿನ ಕೆಳಗೆ ಕೈಯಲ್ಲೇ ಅತ್ತೆಯ ಹೆಸರನ್ನೂ ಸೇರಿಸಿ ಬಂದೆ.

“ನಿದ್ದಿ ಎಷ್ಟು ತಾಸು ಮಾಡ್ತೀರಿ?”

“ಅಕಿ ಮಗ್ಗಲ ಬದಲಿಸಿದ್ರ ಏಳತೀನಿ. ನೀನಽ ಲೆಕ್ಕ ಹಾಕು.”

ಬರೆದೆ. ಎರಡನೆಯದು ಊಟ.

“ಮದಿವ್ಯಾಗ ಎರಡು ಹೋಳಿಗಿ ತಿಂದೀನಿ,” ಎಂದರು. “ಎಲ್ಲಾರೂ ನೋಡಾಕತ್ತಿದ್ರು, ತಿಂದೆ. ಅದನ್ನೂ ಬರಕೋ.”

ಅದನ್ನೂ ಬರೆದೆ. ಅವರು ಸೆರಗನ್ನು ತೊಡೆಯ ಮೇಲೆ ಹರವಿ, ನೆರಿಗೆ ಒಂದೊಂದನ್ನೇ ಸರಿ ಮಾಡುತ್ತ, ಮುಂದಿನದನ್ನು ಕೇಳು ಎಂದರು. ಕೇಳಿದೆ.